ಮರೆಯಲ್ಲಿ ಬೆಳೆಯುವವರು: ಕಲಬುರಗಿ ಸೀಮೆಯ ಯುವಜನರು ತಮ್ಮ ಲಿಂಗತ್ವವನ್ನು ಬಚ್ಚಿಡುವುದೇಕೆ, ಹೇಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯಾವುದೇ ಊರಿನಲ್ಲಿ ಮಗುವಿಗೆ ಹತ್ತು ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಅದು ಹೇಗೆ ನಡೆಯಬೇಕು, ಹೇಗೆ ಕೂರಬೇಕು, ಎಷ್ಟು ಗಟ್ಟಿಯಾಗಿ ನಗಬೇಕು, ಮನೆಯ ಯಾವ ಕೆಲಸಕ್ಕೆ ಕೈ ಹಾಕಬೇಕು ಎಂಬುದನ್ನೆಲ್ಲ ಮನೆಯವರು, ನೆರೆಯವರು, ಶಾಲೆಯವರು ಸೇರಿ ತೀರ್ಮಾನಿಸಿರುತ್ತಾರೆ. ಹುಡುಗ ಅವ್ವನ ಪಕ್ಕ ಕುಳಿತು ರೊಟ್ಟಿ ಬಡಿದರೆ ನಗುತ್ತಾರೆ. ಹುಡುಗಿ ಕೂದಲು ಕತ್ತರಿಸಿಕೊಂಡು ಬಂದರೆ ಬೈಯುತ್ತಾರೆ. ಬಹುಪಾಲು ಮಕ್ಕಳಿಗೆ ಈ ಕಟ್ಟಳೆಗಳು ಇವೆ ಎಂಬುದೇ ಗಮನಕ್ಕೆ ಬರುವುದಿಲ್ಲ, ಏಕೆಂದರೆ ಅವು ಅವರ ಸ್ವಭಾವಕ್ಕೆ ಅಡ್ಡ ಬರುವುದಿಲ್ಲ. ಕೆಲವರಿಗೆ ಮಾತ್ರ ಪ್ರತಿದಿನವೂ ಅಡ್ಡ ಬರುತ್ತವೆ, ಮತ್ತು ಅವರು ಯಾರೂ ಹೇಳಿಕೊಡದಿದ್ದರೂ ಬಚ್ಚಿಡುವುದನ್ನು ಕಲಿತುಕೊಳ್ಳುತ್ತಾರೆ. ಈ ಬಚ್ಚಿಡುವಿಕೆಯನ್ನು ಕಳ್ಳತನವೆಂದೋ ವಯಸ್ಸಿನ ಹುಚ್ಚೆಂದೋ ತಿಳಿಯುವವರೇ ಹೆಚ್ಚು. ನನ್ನ ತಿಳಿವಳಿಕೆಯಲ್ಲಿ ಅದು ತಮ್ಮ ಸುತ್ತಲಿನ ಜನರನ್ನು ಸರಿಯಾಗಿ ಅಳೆದು ನೋಡಿದ ಮಕ್ಕಳು ತೆಗೆದುಕೊಂಡ ತೀರ್ಮಾನ. ಆ ಅಳತೆ ಹೇಗೆ ನಡೆಯುತ್ತದೆ, ಅದಕ್ಕಾಗಿ ಅವರು ತೆರುವ ಬೆಲೆ ಏನು ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಮೊದಲು ಒಂದು ಗೊಂದಲ ಪರಿಹಾರವಾಗಬೇಕು. ಹುಟ್ಟಿದಾಗ ದೇಹವನ್ನು ನೋಡಿ ಸೂಲಗಿತ್ತಿಯೋ ದಾದಿಯೋ ಗಂಡು ಅಥವಾ ಹೆಣ್ಣು ಎಂದು ಹೇಳುವುದು ಒಂದು ಸಂಗತಿ. ತಾನು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಎಂದು ವ್ಯಕ್ತಿಗೆ ಒಳಗಿನಿಂದ ಅನ್ನಿಸುವುದು ಇನ್ನೊಂದು; ಇದನ್ನು ಲಿಂಗತ್ವದ ಅರಿವು ಎನ್ನುತ್ತಾರೆ. ಉಡುಪು, ಕೂದಲು, ನಡಿಗೆ, ದನಿ, ಕೈಸನ್ನೆ, ಅಲಂಕಾರಗಳ ಮೂಲಕ ಅದು ಹೊರಗೆ ಕಾಣುವುದು ಲಿಂಗತ್ವ ಅಭಿವ್ಯಕ್ತಿ. ಯಾರ ಮೇಲೆ ಮನಸ್ಸು ಹೋಗುತ್ತದೆ ಎಂಬುದು ಇವೆಲ್ಲಕ್ಕಿಂತ ಬೇರೆಯಾದ ವಿಷಯ. ನಮ್ಮ ಕಡೆ ಈ ನಾಲ್ಕನ್ನೂ ಒಟ್ಟಿಗೆ ಕಟ್ಟಿ ಒಂದೇ ಬೈಗುಳದಲ್ಲಿ ಮುಗಿಸುವ ರೂಢಿಯಿದೆ. ಮೆತ್ತನೆಯ ನಡಿಗೆಯ ಹುಡುಗನೊಬ್ಬ ತನ್ನನ್ನು ಗಂಡೆಂದೇ ತಿಳಿದಿರಬಹುದು; ಮುಂದೆ ಮದುವೆಯಾಗಿ ಹೆಂಡತಿ ಮಕ್ಕಳೊಂದಿಗೆ ಸುಖವಾಗಿಯೂ ಇರಬಹುದು. ದಪ್ಪ ಮೀಸೆ ಬಿಟ್ಟು, ಬುಲೆಟ್ ಗಾಡಿ ಓಡಿಸುತ್ತ, ಗಟ್ಟಿ ದನಿಯಲ್ಲಿ ಮಾತಾಡುವ ಇನ್ನೊಬ್ಬ ವ್ಯಕ್ತಿ ಒಳಗೆ ತಾನು ಹೆಣ್ಣೆಂದು ತಿಳಿದಿರಬಹುದು. ಹೊರಗೆ ಕಾಣುವುದನ್ನು ನೋಡಿ ಒಳಗಿನದನ್ನು ಊಹಿಸಲು ಹೋದರೆ ಎರಡೂ ಕಡೆ ತಪ್ಪುತ್ತದೆ, ಮತ್ತು ಎರಡನೆಯ ವ್ಯಕ್ತಿಯ ಮೀಸೆಯೇ ಅವರ ಅತ್ಯಂತ ಗಟ್ಟಿಯಾದ ಮರೆಯಾಗಿರುತ್ತದೆ.

ಮಕ್ಕಳು ಸಾಮಾನ್ಯವಾಗಿ ಎರಡು ಮೂರು ವರ್ಷದೊಳಗೆ ತಮ್ಮನ್ನು ಹುಡುಗ ಅಥವಾ ಹುಡುಗಿ ಎಂದು ಕರೆದುಕೊಳ್ಳಲು ಆರಂಭಿಸುತ್ತಾರೆ. ಆದ್ದರಿಂದ ಕೆಲವು ಮಕ್ಕಳಲ್ಲಿ ಈ ಹೊಂದಿಕೆಯಾಗದ ಅರಿವು ಶಾಲೆಗೆ ಸೇರುವ ಮೊದಲೇ ಕಾಣಿಸಿಕೊಳ್ಳುವುದರಲ್ಲಿ ಅಚ್ಚರಿಯಿಲ್ಲ. ಇನ್ನು ಕೆಲವರಿಗೆ ಮೈನೆರೆಯುವ, ದನಿ ಒಡೆಯುವ ವಯಸ್ಸಿನಲ್ಲಿ, ದೇಹ ತಮಗೆ ಬೇಡವಾದ ದಿಕ್ಕಿಗೆ ಹೊರಳುವಾಗ ಅದು ಸ್ಪಷ್ಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ ಈ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು, ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಅದು ಹುಚ್ಚಲ್ಲ ಎಂಬ ಮಾತನ್ನು ವೈದ್ಯಶಾಸ್ತ್ರ ಇದಕ್ಕಿಂತ ನೇರವಾಗಿ ಹೇಳಲಾರದು.

ಇಂಥವರು ಎಷ್ಟು ಮಂದಿ ಎಂದು ಕೇಳುವವರಿಗೆ 2011ರ ಜನಗಣತಿಯ ಅಂಕಿಗಳನ್ನು ತೋರಿಸುವುದು ವಾಡಿಕೆ. ಗಂಡು, ಹೆಣ್ಣು ಎಂಬ ಎರಡು ಖಾನೆಗಳ ಆಚೆ ‘ಇತರೆ’ ಎಂದು ದಾಖಲಾದವರು ಇಡೀ ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ. ಅವರಲ್ಲಿ ಅಕ್ಷರ ಬಲ್ಲವರು ಶೇ. 56ರಷ್ಟು, ದೇಶದ ಸರಾಸರಿ ಆಗ ಶೇ. 74 ಇತ್ತು. ಈ ಅಂಕಿಗಳನ್ನು ಓದುವಾಗ, ಗಣತಿದಾರರು ಬಾಗಿಲಲ್ಲಿ ನಿಂತು ಕೇಳುವುದು ಮನೆಯ ಯಜಮಾನನನ್ನು ಎಂಬುದನ್ನು ನೆನಪಿಡಬೇಕು. ಒಳಕೋಣೆಯಲ್ಲಿ ಕುಳಿತ ಹದಿನೇಳು ವರ್ಷದ ಮಗುವಿನ ಮನಸ್ಸನ್ನು ಯಜಮಾನ ಹೇಳಲಾರ; ಗೊತ್ತಿದ್ದರೂ ಬರೆಸಲಾರ. ಬಚ್ಚಿಟ್ಟುಕೊಂಡವರನ್ನು ಎಣಿಸುವ ಗಣತಿ ಇಲ್ಲ, ಹಾಗಾಗಿ ಆ 20,266 ಎಂಬುದು ಬಚ್ಚಿಡುವುದನ್ನು ನಿಲ್ಲಿಸಿದವರ, ಅಥವಾ ಬಚ್ಚಿಡಲಾಗದವರ ಸಂಖ್ಯೆ ಮಾತ್ರ.

ಬಚ್ಚಿಡುವುದಕ್ಕೆ ಕಾರಣವೇನೆಂದು ಕೇಳಿದರೆ ಹೊರಗಿನವರು ಭಯವೆಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಭಾಗದಲ್ಲಿ ಇಪ್ಪತ್ತು ವರ್ಷದ ಯುವಕ ಯುವತಿಯರ ಊಟ, ಫೀಸು, ಮೊಬೈಲ್ ರೀಚಾರ್ಜು, ಬಸ್ ಪಾಸು, ಮಲಗುವ ಜಾಗ ಎಲ್ಲವೂ ಮನೆಯಿಂದಲೇ ಬರುತ್ತವೆ. ತೊಗರಿ ಬೆಳೆ ಕೈಕೊಟ್ಟ ವರ್ಷ ಇಡೀ ಮನೆಯೇ ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳಲ್ಲಿ ಒಬ್ಬ ಮಗ ಓದುತ್ತಿದ್ದಾನೆ ಎಂದರೆ ಅದರ ಹಿಂದೆ ನಾಲ್ಕು ಜನರ ಕೂಲಿ ಇರುತ್ತದೆ. ಆ ಮಗನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಸರ್ಕಾರಿ ಹಾಸ್ಟೆಲ್‌ನಲ್ಲಿ ಓದುವ ಬಡ, ದಲಿತ, ಲಂಬಾಣಿ ವಿದ್ಯಾರ್ಥಿಗಳ ಸ್ಥಿತಿ ಇನ್ನೂ ಬಿಗಿ: ಹಾಸ್ಟೆಲ್ ಸೀಟು ಹೋದರೆ ಓದೇ ಹೋಯಿತು, ಓದು ಹೋದರೆ ಮರಳಿ ಹೋಗಬೇಕಾದದ್ದು ಯಾವ ತಾಂಡಾದಿಂದ, ಯಾವ ಕೇರಿಯಿಂದ ತಪ್ಪಿಸಿಕೊಂಡು ಬಂದಿದ್ದರೋ ಅಲ್ಲಿಗೇ.

ಎರಡನೆಯ ಕಾರಣ ಮದುವೆ. ಮನೆಯ ಒಬ್ಬ ಮಗನ ಬಗ್ಗೆ ಮಾತು ಹುಟ್ಟಿದರೆ ಅದು ಅವನಲ್ಲಿಗೆ ನಿಲ್ಲುವುದಿಲ್ಲ. ತಂಗಿಗೆ ಬಂದ ಸಂಬಂಧ ಮುರಿಯುತ್ತದೆ, ಅಣ್ಣನ ಮಾವನ ಮನೆಯವರು ಆಡಿಕೊಳ್ಳುತ್ತಾರೆ, ಅಪ್ಪ ಕಟ್ಟೆಯ ಮೇಲೆ ಕೂರುವುದನ್ನು ಬಿಡುತ್ತಾನೆ. “ತಂಗಿ ಲಗ್ನ ಆಗೋತನ ಸುಮ್ಮ ಇರಪ್ಪಾ” ಎಂದು ಅವ್ವ ಕೈಮುಗಿದು ಕೇಳಿಕೊಂಡಾಗ, ಆ ಮಾತಿನಲ್ಲಿ ಒಪ್ಪಿಗೆಯೂ ಇದೆ, ನಿಷೇಧವೂ ಇದೆ. ಅವಳಿಗೆ ಗೊತ್ತು, ಮತ್ತು ಗೊತ್ತಿದೆ ಎಂಬುದನ್ನು ಯಾರಿಗೂ ಹೇಳಲಾರಳು. ಎಷ್ಟೋ ಮನೆಗಳಲ್ಲಿ ಬಚ್ಚಿಡುವ ಕೆಲಸವನ್ನು ಮಗು ಒಂಟಿಯಾಗಿ ಮಾಡುವುದಿಲ್ಲ. ತಾಯಿಯೋ ಅಕ್ಕನೋ ಜೊತೆ ನೀಡುತ್ತಾರೆ, ಅವರೂ ಅಷ್ಟೇ ಹೆದರಿಕೊಂಡು ಬದುಕುತ್ತಾರೆ. ಹಾಗೆಯೇ ಈ ಕಟ್ಟುನಿಟ್ಟು ಒಂದು ಜಾತಿಯ, ಒಂದು ಧರ್ಮದ ಸೊತ್ತಲ್ಲ. ಬಸವೇಶ್ವರರ ಫೋಟೋ ಇರುವ ಮನೆಯಲ್ಲೂ, ಬಂದೇನವಾಜ ದರ್ಗಾಕ್ಕೆ ಪ್ರತಿ ಗುರುವಾರ ಹೋಗುವ ಮನೆಯಲ್ಲೂ, ಸೇವಾಲಾಲರ ಧ್ವಜ ಕಟ್ಟಿದ ತಾಂಡಾದಲ್ಲೂ ಇದನ್ನು ಕಾಣಬಹುದು. ಮರ್ಯಾದೆಯ ಹೆಸರು ಮಾತ್ರ ಬೇರೆ.

ಬಚ್ಚಿಡುವುದೆಂದರೆ ದಿನಕ್ಕೊಮ್ಮೆ ಹೇಳುವ ಸುಳ್ಳಲ್ಲ, ಎಚ್ಚರವಿರುವ ಅಷ್ಟು ಹೊತ್ತೂ ನಡೆಯುವ ದುಡಿಮೆ. ನನಗೆ ಪರಿಚಯವಿರುವ ಒಬ್ಬ ಪದವಿ ವಿದ್ಯಾರ್ಥಿನಿ ಇದ್ದಾಳೆ. ಊರಿಗೆ ಅವಳು ಇಂದಿಗೂ ಹುಡುಗ. ಹಳ್ಳಿಯಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಅವಳು ಗಂಡಸರ ಕಡೆ ಕೂರುತ್ತಾಳೆ, ಮೊಣಕಾಲು ಅಗಲಿಸಿ, ಮೊಬೈಲನ್ನು ಒಂದೇ ಕೈಯಲ್ಲಿ ಹಿಡಿದು. ಹೀಗೆ ಕೂರುವುದನ್ನು ಅವಳು ಅಣ್ಣನನ್ನು ನೋಡಿ ಅಭ್ಯಾಸ ಮಾಡಿಕೊಂಡದ್ದು. ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ನಡಿಗೆ ಸಡಿಲವಾಗುತ್ತದೆ, ಆದರೆ ನಗರದ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಊರಿನವರು ಸಂತೆಗೆ ಬಂದಿರುವ ದಿನ ಮತ್ತೆ ಬಿಗಿಯಾಗುತ್ತದೆ. ಬೆರಳಿನ ಉಗುರಿಗೆ ಬಣ್ಣ ಹಚ್ಚುವಂತಿಲ್ಲ. ಕಾಲುಗುರಿಗೆ ಹಚ್ಚಿ ಬೂಟಿನೊಳಗೆ ಮುಚ್ಚಿಡಬಹುದು, ಆದರೆ ನಮ್ಮ ಮನೆಗಳಲ್ಲಿ ಬೂಟು ಬಾಗಿಲಾಚೆಯೇ ಉಳಿಯುತ್ತದೆ, ಮನೆಯೊಳಗೆ ಕಾಲ್ಚೀಲ ಹಾಕಿಕೊಂಡು ತಿರುಗಿದರೆ ತಂಗಿಯೇ ಕೇಳುತ್ತಾಳೆ. ಕಾಡಿಗೆಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೂ ರೆಪ್ಪೆಯ ಬುಡದಲ್ಲಿ ಕಪ್ಪು ಉಳಿಯುತ್ತದೆಂದು ಅವಳಿಗೆ ಗೊತ್ತು, ಹಾಗಾಗಿ ಹಚ್ಚಿದ ದಿನ ರಾತ್ರಿ ತಡವಾಗಿ ಮನೆ ಸೇರುತ್ತಾಳೆ. ಅವಳಿಗೆ ವರ್ಷದಲ್ಲಿ ಇಷ್ಟವಾದ ಕಾಲ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತೆರಡು, ನಲವತ್ತಮೂರು ಡಿಗ್ರಿ ಮುಟ್ಟಿದಾಗ ಕಲಬುರಗಿಯ ಗಂಡಸರೆಲ್ಲ ತಲೆ, ಕಿವಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ತಿರುಗುತ್ತಾರೆ. ಆಗ ಅವಳೂ ತಿಳಿಗುಲಾಬಿ ಬಣ್ಣದ ಸ್ಕಾರ್ಫನ್ನು ತಲೆಯ ಮೇಲಿನಿಂದ ಇಳಿಬಿಟ್ಟು ನಡೆಯಬಹುದು, ಯಾರೂ ಏನೂ ಕೇಳುವುದಿಲ್ಲ.

ಮೊಬೈಲು ಇದಕ್ಕೆ ಹೊಸ ಕಷ್ಟವನ್ನೂ ಹೊಸ ಬಿಡುಗಡೆಯನ್ನೂ ತಂದಿದೆ. ಮನೆಗೆ ಒಂದೇ ಫೋನ್ ಇದ್ದಲ್ಲಿ, ಅಥವಾ ಅಣ್ಣ ಕೇಳಿದಾಗ ಲಾಕ್ ತೆಗೆದು ಕೊಡಲೇಬೇಕಾದಲ್ಲಿ, ಬೇರೆ ಹೆಸರಿನ ಖಾತೆ, ಮುಖ ಕಾಣದ ಫೋಟೋ, ಓದಿದೊಡನೆ ಅಳಿಸುವ ಸಂದೇಶ, ಇವೆಲ್ಲ ದಿನಚರಿಯೇ ಆಗುತ್ತವೆ. ತನ್ನಂಥವರು ಬೇರೆಡೆಯೂ ಇದ್ದಾರೆ ಎಂಬುದು ಗೊತ್ತಾಗುವುದೂ ಅದೇ ಫೋನಿನಿಂದಲೇ. ಹಣ ಸುಲಿಯುವವರು, ಫೋಟೋ ಇಟ್ಟುಕೊಂಡು ಹೆದರಿಸುವವರು ಸಿಗುವುದೂ ಅಲ್ಲಿಯೇ, ಮತ್ತು ಬಚ್ಚಿಟ್ಟುಕೊಂಡವರು ಪೊಲೀಸರ ಬಳಿ ಹೋಗುವುದಿಲ್ಲವೆಂದು ಸುಲಿಯುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹುಟ್ಟಿದಾಗ ಹೆಣ್ಣೆನ್ನಿಸಿಕೊಂಡು, ತಾನು ಗಂಡೆಂದು ತಿಳಿದ ಮಕ್ಕಳ ಬಗ್ಗೆ ನಾವು ಮಾತಾಡುವುದು ತೀರ ಕಡಿಮೆ. ಚಿಕ್ಕಂದಿನಲ್ಲಿ ಅವರಿಗೆ ಸ್ವಲ್ಪ ಸಲಿಗೆ ಇರುತ್ತದೆ. ಅಂಗಿ ಪ್ಯಾಂಟು ಹಾಕಿ ಗಾಡಿ ಓಡಿಸಿದರೆ “ನಮ್ಮ ಗಂಡ್ಮಗ” ಎಂದು ಅಪ್ಪನೇ ಮುದ್ದು ಮಾಡುತ್ತಾನೆ. ಮೈನೆರೆದ ಮರುದಿನ ಆ ಸಲಿಗೆ ಮುಗಿಯುತ್ತದೆ. ಒಸಗೆಗೆ ಸೀರೆ ಉಡಿಸಿ, ಹೂ ಮುಡಿಸಿ, ಉಡಿ ತುಂಬುವ ಶಾಸ್ತ್ರವನ್ನು ಇಡೀ ಓಣಿ ಸಂಭ್ರಮದಿಂದ ನೋಡುವಾಗ, ಆ ಮಗುವಿಗೆ ಅದು ಬೇರೆ ಯಾರದೋ ಬದುಕಿಗೆ ತನ್ನನ್ನು ಒಪ್ಪಿಸಿಕೊಟ್ಟಂತೆ ಅನ್ನಿಸಬಹುದು. ಅಲ್ಲಿಂದ ಮುಂದೆ ಎದೆಗೆ ಬಿಗಿಯಾದ ಬಟ್ಟೆ ಕಟ್ಟಿಕೊಂಡು ಉಸಿರು ಕಟ್ಟುವಷ್ಟು ಹೊತ್ತು ಕಾಲೇಜಿನಲ್ಲಿ ಕೂರುವುದು, ಮುಟ್ಟಿನ ದಿನಗಳಲ್ಲಿ ಯಾವ ಶೌಚಾಲಯಕ್ಕೆ ಹೋಗಬೇಕೆಂದು ತಿಳಿಯದೆ ನೀರು ಕುಡಿಯುವುದನ್ನೇ ಬಿಡುವುದು, ಇವು ಶುರುವಾಗುತ್ತವೆ. ಹುಡುಗನೆಂದು ಬೆಳೆದವರಿಗೆ ಓಡಿಹೋಗುವ ದಾರಿಯಾದರೂ ಇರುತ್ತದೆ. ಹೆಣ್ಣುಮಗಳೆಂದು ಬೆಳೆದವರು ಒಂಟಿಯಾಗಿ ರೈಲು ಹತ್ತುವುದೇ ಕಷ್ಟ, ಹತ್ತಿದರೂ ಮನೆಯವರು ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಡುತ್ತಾರೆ. ಅವರ ಪಾಲಿಗೆ ಬಚ್ಚಿಡುವಿಕೆ ಮುಗಿಯುವುದು ಸಾಮಾನ್ಯವಾಗಿ ಒಲ್ಲದ ಮದುವೆಯಲ್ಲಿ, ಮತ್ತು ಅದು ಮುಗಿಯುವುದಲ್ಲ, ಇನ್ನೊಂದು ಮನೆಯಲ್ಲಿ ಮುಂದುವರಿಯುವುದು.

ಹಾಗೆಂದು ಈ ಸೀಮೆಗೆ ಗಂಡು ಹೆಣ್ಣಿನ ಗೆರೆ ದಾಟುವವರ ಪರಿಚಯವೇ ಇಲ್ಲ ಎನ್ನಲಾಗದು. ಜಾತ್ರೆಯ ರಾತ್ರಿ ಬಯಲಾಟದಲ್ಲಿ ಗಂಡಸರು ಸೀರೆಯುಟ್ಟು ಸ್ತ್ರೀಪಾತ್ರ ಮಾಡಿದರೆ ಊರೆಲ್ಲ ಕುಳಿತು ನೋಡುತ್ತದೆ, ಚೆನ್ನಾಗಿ ಮಾಡಿದರೆ ನೋಟು ಚುಚ್ಚಿ ಸನ್ಮಾನಿಸುತ್ತದೆ. ಎಲ್ಲಮ್ಮನಿಗೆ ಬಿಟ್ಟ ಜೋಗಪ್ಪಂದಿರು ಪಡ್ಡಲಗಿ, ಅಂದರೆ ದೇವಿಯ ಬುಟ್ಟಿ, ಹೊತ್ತು ಬಾಗಿಲಿಗೆ ಬಂದರೆ ಅದೇ ಮನೆಯವರು ಕಾಲಿಗೆ ನೀರು ಹಾಕಿ ಕೈಮುಗಿಯುತ್ತಾರೆ. ಆದರೆ ಈ ಎರಡು ಒಪ್ಪಿಗೆಗಳಿಗೂ ಷರತ್ತುಗಳಿವೆ. ಮೊದಲನೆಯದು ಬೆಳಗಾಗುವವರೆಗೆ ಮಾತ್ರ, ರಾತ್ರಿ ಚಪ್ಪಾಳೆ ತಟ್ಟಿದವರೇ ಮರುದಿನ ಹೊಲದ ದಾರಿಯಲ್ಲಿ ಅದೇ ನಡಿಗೆ ಕಂಡರೆ “ಹೆಣ್ಮಕ್ಕಳಂಗ ಯಾಕ ನಡೀತಿಯೋ?” ಎಂದು ಕಲ್ಲು ಬೀರುತ್ತಾರೆ. ಎರಡನೆಯದು ದೇವಿಯ ಇಚ್ಛೆ ಎಂಬ ಕಾರಣಕ್ಕೆ ಮಾತ್ರ. ದೇವಿ ಮೈಮೇಲೆ ಬಂದಳು, ಕಾಡಿದಳು, ಮುತ್ತು ಕಟ್ಟಿಸಿಕೊಂಡಳು ಎಂದರೆ ಮನೆಯವರು ತಲೆಬಾಗುತ್ತಾರೆ. ಇದು ನನ್ನ ಸ್ವಭಾವ, ನಾನು ಓದಿ ಮೇಷ್ಟ್ರಾಗಬೇಕು ಎಂದರೆ ತಲೆಬಾಗುವುದಿಲ್ಲ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಜೋಗತಿ ಕಲೆಯನ್ನೇ ಹಿಡಿದು ಬೆಳೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಸಾಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ದೇವಿಯ ದಾರಿಯನ್ನು ಹಿಡಿಯಲೊಲ್ಲದ, ಹಿಡಿಯಲಾಗದ, ಮುಸ್ಲಿಂ ಮನೆಯಲ್ಲೋ ಕ್ರೈಸ್ತ ಮನೆಯಲ್ಲೋ ಹುಟ್ಟಿದ ಮಗುವಿಗೆ ಆ ಬಾಗಿಲೂ ತೆರೆದಿಲ್ಲ.

ಉಡುಪನ್ನೇ ಅಪರಾಧ ಮಾಡಿದ ಕಾನೂನಿನ ನೆರಳೂ ಈ ನೆಲದ ಮೇಲೆ ಇತ್ತು. ಕಲಬುರಗಿ, ಬೀದರ್ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನ ಅಲ್ಲಿನ ಫಸಲಿ ಪಂಚಾಂಗದ 1329ರಲ್ಲಿ, ಅಂದರೆ 1919ರಲ್ಲಿ, ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಮಾದರಿಯಲ್ಲಿ ಹಿಜಡಾಗಳ ಮೇಲೆ ಒಂದು ಕಾಯ್ದೆ ತಂದಿತು. ಹೈದರಾಬಾದ್ ನಗರದಲ್ಲಿ, ಮತ್ತು ಸರ್ಕಾರ ವಿಸ್ತರಿಸಬಯಸಿದ ಇತರ ಊರುಗಳಲ್ಲಿ, ಅವರ ಹೆಸರು ವಿಳಾಸಗಳ ಪಟ್ಟಿ ಇಡಬೇಕೆಂದು ಅದು ವಿಧಿಸಿತು. ಪಟ್ಟಿಯಲ್ಲಿರುವವರು ಹೆಣ್ಣುಡುಗೆಯಲ್ಲಿ ಅಥವಾ ಒಡವೆ ಧರಿಸಿ ಬೀದಿಯಲ್ಲಿ ಕಂಡರೆ, ಬೀದಿಗೆ ಕಾಣಲೆಂದೇ ಬೇರೆಡೆ ನಿಂತರೂ, ಸಾರ್ವಜನಿಕವಾಗಿ ಹಾಡಿ ಕುಣಿದರೂ ವಾರಂಟ್ ಇಲ್ಲದೆ ಹಿಡಿದು ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದಿತ್ತು. ಈ ಕಾಯ್ದೆ ತೆಲಂಗಾಣದಲ್ಲಿ ಪುಸ್ತಕದ ಮೇಲೆ ಉಳಿದುಕೊಂಡೇ ಬಂದು, 2023ರ ಜುಲೈನಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ನಮ್ಮ ರಾಜ್ಯವೂ ಇದರಿಂದ ದೂರವಿರಲಿಲ್ಲ: ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36ಎ ಕಲಂ ಇದೇ ಸಮುದಾಯದ ಮೇಲೆ ನಿಗಾ ಇಡುವ, ಪಟ್ಟಿ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು, ವಿಷಯ ಹೈಕೋರ್ಟಿಗೆ ಹೋದ ಮೇಲೆ ಅದರ ಭಾಷೆ ಬದಲಾಯಿತು. ಅಜ್ಜಂದಿರ ಕಾಲದಿಂದಲೂ ಬೀದಿಯಿಂದ ಕಾಣಬಾರದು ಎಂಬುದನ್ನು ಕೆಲವರಿಗೆ ಸರ್ಕಾರವೇ ಕಲಿಸಿದೆ ಎಂಬುದನ್ನು, ಇದೆಲ್ಲ ಈಗಿನ ಕಾಲದ ಹುಡುಗರ ಫ್ಯಾಶನ್ನು ಎನ್ನುವವರು ಗಮನಿಸಬೇಕು.

ಈ ಮರೆಯ ಬದುಕಿಗೆ ತೆರುವ ಬೆಲೆಯನ್ನು ಮನಶ್ಶಾಸ್ತ್ರಜ್ಞರು ಕೆಲವು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಕಳಂಕ ಹೊತ್ತ ಸಣ್ಣ ಸಮುದಾಯಗಳಿಗೆ ಎಲ್ಲರಿಗೂ ಇರುವ ಒತ್ತಡಗಳ ಮೇಲೆ ಇನ್ನೊಂದು ಪದರ ಒತ್ತಡ ಸೇರುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ವಿವರವಾಗಿ ಮಂಡಿಸಿದರು. ಹೊರಗಿನಿಂದ ಬೀಳುವ ಹೊಡೆತ, ಬೈಗುಳ ಅದರ ಒಂದು ಭಾಗವಷ್ಟೇ. ಯಾವಾಗ ಬೀಳುತ್ತದೋ ಎಂದು ಕಾಯುವುದು, ಬಚ್ಚಿಡುವುದು, ಬೈಗುಳವನ್ನು ಕೊನೆಗೆ ತಾನೇ ನಂಬಿಬಿಡುವುದು, ಇವು ಯಾರೂ ಕೈ ಎತ್ತದ ದಿನವೂ ಕೆಲಸ ಮಾಡುತ್ತಲೇ ಇರುತ್ತವೆ. ಪಾಠ ಕೇಳುತ್ತಿರುವ ವಿದ್ಯಾರ್ಥಿಯ ಅರ್ಧ ಗಮನ ತನ್ನ ಕೈ ಹೇಗಿದೆ, ದನಿ ಏರಿತೇ ಎಂಬುದರ ಮೇಲಿದ್ದರೆ ಉಳಿದರ್ಧದಲ್ಲಿ ಲೆಕ್ಕ ಕಲಿಯಬೇಕು. ಎದ್ದು ನಿಂತು ಉತ್ತರ ಹೇಳಿದರೆ ದನಿ ಬಯಲಾಗುತ್ತದೆಂದು ಗೊತ್ತಿದ್ದ ಉತ್ತರವನ್ನೂ ನುಂಗಿಕೊಳ್ಳುವ ಮಕ್ಕಳಿದ್ದಾರೆ. ಮೇಷ್ಟ್ರ ದಾಖಲೆಯಲ್ಲಿ ಅವರು ದಡ್ಡರು. ಹಾಜರಿ ಕಡಿಮೆಯಾಗುವುದು, ಕ್ರೀಡಾದಿನ ಜ್ವರ ಬರುವುದು, ಪಿಯುಸಿ ಮಧ್ಯದಲ್ಲಿ ಓದು ಬಿಡುವುದು, ಕೈ ಕೊಯ್ದುಕೊಳ್ಳುವುದು, ಇವೆಲ್ಲದರ ಹಿಂದೆ ಯಾವಾಗಲೂ ಇದೇ ಕಾರಣವಿರುತ್ತದೆ ಎನ್ನುವುದಿಲ್ಲ. ಇರಬಹುದು ಎಂಬ ಯೋಚನೆಯೇ ನಮ್ಮ ಶಿಕ್ಷಕರಿಗೆ ಬರುವುದಿಲ್ಲ ಎಂಬುದು ನನ್ನ ಕೊರಗು.

ಮನೆಯವರಿಗೆ ಗೊತ್ತಾದಾಗ ಮೊದಲು ನಡೆಯುವುದು ‘ಸರಿಮಾಡುವ’ ಪ್ರಯತ್ನ. ಗಾಳಿ ಸೋಕಿದೆಯೆಂದು ತಾಯತ, ಅಮಾವಾಸ್ಯೆಗೆ ಗಾಣಗಾಪುರ, ಆಮೇಲೆ ಯಾರೋ ಹೇಳಿದ ಡಾಕ್ಟರು, ಯಾವುದೂ ಫಲಿಸದಿದ್ದರೆ ಮದುವೆ. ಒಂದು ಲಗ್ನ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಎರಡು ಬದುಕುಗಳನ್ನು ಒಟ್ಟಿಗೆ ಕೆಡಿಸುತ್ತದೆ, ಮತ್ತು ಅದರಲ್ಲಿ ಎರಡನೆಯ ಬದುಕಿಗೆ, ಏನೂ ತಿಳಿಯದೆ ಬಂದ ಹೆಣ್ಣುಮಗಳಿಗೆ, ಯಾರೂ ಲೆಕ್ಕ ಒಪ್ಪಿಸುವುದಿಲ್ಲ. ಲಿಂಗತ್ವದ ಅರಿವನ್ನು ‘ಸರಿಮಾಡುತ್ತೇನೆಂದು’ ಚಿಕಿತ್ಸೆ ಕೊಡುವುದನ್ನು ನಿಷೇಧಿಸಬೇಕೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ಅದರ ಮುಂದುವರಿಕೆಯಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅಂಥ ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಅಂದರೆ ಮಗುವನ್ನು ಸರಿಮಾಡಿಕೊಡುತ್ತೇನೆಂದು ದುಡ್ಡು ಪಡೆಯುವ ಡಾಕ್ಟರ ಮೇಲೆ ದೂರು ಕೊಡಬಹುದು. ಮಾಂತ್ರಿಕನಿಗೆ ಆ ನಿಯಮ ತಟ್ಟುವುದಿಲ್ಲ.

ಮನೆಯಲ್ಲಿ ಉಳಿಯಲಾಗದವರು ಹೊರಡುತ್ತಾರೆ. ಮುಂಬೈ, ಬೆಂಗಳೂರುಗಳ ನಡುವೆ ಓಡಾಡುವ ಉದ್ಯಾನ ಎಕ್ಸ್‌ಪ್ರೆಸ್ ಕಲಬುರಗಿ, ವಾಡಿ, ಯಾದಗಿರಿ ಮೂರರಲ್ಲೂ ನಿಲ್ಲುತ್ತದೆ. ಎರಡೂ ತುದಿಯ ಮಹಾನಗರಗಳಲ್ಲಿ ಹಿಜಡಾ ಸಮುದಾಯದ ಗುರು ಚೇಲಾ (ಗುರು ಶಿಷ್ಯೆ) ಸಂಬಂಧದ ಮನೆಗಳಿವೆ, ಅಲ್ಲಿ ಅನ್ನ, ಹೆಸರು, ಅಕ್ಕ ತಂಗಿಯರು ಸಿಗುತ್ತಾರೆ. ಅದಕ್ಕೆ ಪ್ರತಿಯಾಗಿ ಹೆಚ್ಚಿನವರಿಗೆ ಇರುವ ಕೆಲಸ ಅಂಗಡಿ ಅಂಗಡಿ ತಿರುಗಿ ಕೇಳುವುದು ಅಥವಾ ರಾತ್ರಿ ರಸ್ತೆ ಬದಿ ನಿಲ್ಲುವುದು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದ ಮಗು ಆ ದಾರಿ ಹಿಡಿದರೆ ಅದು ಅವರ ಆಯ್ಕೆ ಎಂದು ಹೇಳುವ ಧೈರ್ಯ ನನಗಿಲ್ಲ.

ಕಾನೂನು ಕಾಗದದ ಮೇಲೆ ದೂರ ಬಂದಿದೆ. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನ್ನ ಲಿಂಗತ್ವ ಯಾವುದೆಂದು ವ್ಯಕ್ತಿ ತಾನೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಉಡುಪು, ಮಾತು, ನಡವಳಿಕೆಯ ಮೂಲಕ ಅದನ್ನು ತೋರಿಸಿಕೊಳ್ಳುವುದೂ ಸಂವಿಧಾನದ 19ನೆಯ ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದಿತು. 2019ರಲ್ಲಿ ಸಂಸತ್ತು ಒಪ್ಪಿ, 2020ರ ಜನವರಿ 10ರಂದು ಜಾರಿಗೆ ಬಂದ ಲಿಂಗಪರಿವರ್ತಿತ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಈ ಕಾರಣಕ್ಕಾಗಿ ಯಾವ ಮಗುವನ್ನೂ ನ್ಯಾಯಾಲಯದ ಆದೇಶವಿಲ್ಲದೆ ತಂದೆ ತಾಯಿಯಿಂದ ಬೇರ್ಪಡಿಸಬಾರದೆಂದು ಬರೆಯಿತು. ಮನೆಯಿಂದ ಅಥವಾ ಊರಿನಿಂದ ಹೊರಹಾಕುವುದನ್ನು ಆರು ತಿಂಗಳಿಂದ ಎರಡು ವರ್ಷದವರೆಗಿನ ಶಿಕ್ಷೆಯ ಅಪರಾಧವಾಗಿಸಿತು. ಕರ್ನಾಟಕವು 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಕೊಟ್ಟು ದೇಶದಲ್ಲೇ ಮೊದಲನೆಯದಾಯಿತು. ಆದರೆ ಬಚ್ಚಿಟ್ಟುಕೊಂಡ ಮಗುವಿನ ಕಡೆಯಿಂದ ಇವನ್ನು ಓದಿದರೆ ತೊಡಕು ಕಾಣುತ್ತದೆ. 2019ರ ಕಾಯ್ದೆಯಂತೆ ಗುರುತಿನ ಪ್ರಮಾಣಪತ್ರಕ್ಕೆ ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿಗೆ; ಹದಿನೆಂಟು ತುಂಬದವರ ಪರವಾಗಿ ಅರ್ಜಿ ಹಾಕಬೇಕಾದವರು ತಂದೆ ತಾಯಿ ಅಥವಾ ಪೋಷಕರು. ಯಾರಿಂದ ಬಚ್ಚಿಡುತ್ತಿದೆಯೋ ಅವರ ಸಹಿಯೇ ಬೇಕು. ಹದಿನೆಂಟು ದಾಟಿದವರೂ ಮೀಸಲಾತಿಯ ಹುದ್ದೆಗೆ ಅರ್ಜಿ ಹಾಕಿದರೆ ಆಯ್ಕೆ ಪಟ್ಟಿಯಲ್ಲಿ ಹೆಸರಿನ ಮುಂದೆ ಆ ವರ್ಗ ಅಚ್ಚಾಗುತ್ತದೆ, ಮತ್ತು ನಮ್ಮ ಊರುಗಳಲ್ಲಿ ಆಯ್ಕೆ ಪಟ್ಟಿಯನ್ನು ಎಲ್ಲರೂ ಮೊಬೈಲಿನಲ್ಲಿ ತೆರೆದು ನೋಡುತ್ತಾರೆ. ಸೌಲಭ್ಯಗಳನ್ನು ಬಹಿರಂಗವಾಗಿ ಬದುಕುವವರಿಗೆಂದು ಕಟ್ಟಿದ್ದೇವೆ. ಬಹಿರಂಗವಾಗುವ ಮೊದಲಿನ ವರ್ಷಗಳಿಗೆ, ಅತ್ಯಂತ ಅಪಾಯದ ಆ ವರ್ಷಗಳಿಗೆ, ಏನನ್ನೂ ಕಟ್ಟಿಲ್ಲ.

ಆದ್ದರಿಂದಲೇ ಮರೆಯಿಂದ ಹೊರಗೆ ಬಾ, ಧೈರ್ಯ ಮಾಡು ಎಂದು ಈ ಮಕ್ಕಳಿಗೆ ಹುರಿದುಂಬಿಸುವುದನ್ನು ನಾನು ಒಪ್ಪುವುದಿಲ್ಲ. ಮನೆ ಬಿಟ್ಟರೆ ಮಲಗಲು ಜಾಗವಿಲ್ಲದ, ಪದವಿ ಮುಗಿಯದ, ಕೈಯಲ್ಲಿ ಕಾಸಿಲ್ಲದ ವ್ಯಕ್ತಿ ಇನ್ನೂ ಎರಡು ವರ್ಷ ಬಚ್ಚಿಡುತ್ತೇನೆಂದು ತೀರ್ಮಾನಿಸಿದರೆ ಆ ತೀರ್ಮಾನವನ್ನು ಗೌರವಿಸಬೇಕು. ಹೇಳುವುದು ಯಾವಾಗ, ಯಾರಿಗೆ ಎಂಬುದು ಅವರೊಬ್ಬರೇ ನಿರ್ಧರಿಸುವ ವಿಷಯ. ಸುತ್ತಲಿನವರು ಮಾಡಬಹುದಾದದ್ದು ಆ ಬಚ್ಚಿಡುವಿಕೆಯ ಭಾರವನ್ನು ಇಳಿಸುವುದು, ಮತ್ತು ಅದಕ್ಕೆ ಬಹಳ ದೊಡ್ಡ ಕೆಲಸ ಬೇಕಿಲ್ಲ ಎಂಬುದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಸಲಿಂಗಾಕರ್ಷಣೆಯುಳ್ಳ ಯುವಜನರ ಬಗ್ಗೆ ಕೈಟ್ಲಿನ್ ರಯಾನ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯವರಿಂದ ತೀವ್ರ ತಿರಸ್ಕಾರ ಕಂಡವರು ಆತ್ಮಹತ್ಯೆಗೆ ಯತ್ನಿಸಿದ ಸಾಧ್ಯತೆ, ತಿರಸ್ಕಾರ ಕಾಣದ ಅಥವಾ ಅಲ್ಪವಾಗಿ ಕಂಡವರಿಗಿಂತ 8.4 ಪಟ್ಟು ಹೆಚ್ಚಿತ್ತು. ಅಲ್ಲಿಯೇ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 129 ಲಿಂಗತ್ವ ಅಲ್ಪಸಂಖ್ಯಾತ ಯುವಜನರನ್ನು ಕುರಿತದ್ದು. ಮನೆ, ಶಾಲೆ, ಕೆಲಸ, ಗೆಳೆಯರ ಬಳಗ, ಇವುಗಳಲ್ಲಿ ಒಂದು ಕಡೆ ಹೆಚ್ಚಾಗಿ ತಾವು ಆಯ್ದುಕೊಂಡ ಹೆಸರಿನಿಂದ ಕರೆಸಿಕೊಳ್ಳಲು ಸಾಧ್ಯವಾದವರಲ್ಲಿ ಆತ್ಮಹತ್ಯೆಯ ಯೋಚನೆ ಶೇ. 29ರಷ್ಟು, ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ಶೇ. 56ರಷ್ಟು ಕಡಿಮೆ ಇತ್ತು. ಒಂದೇ ಒಂದು ಜಾಗ ಸಾಕು. ಅದು ಅಕ್ಕನ ಅಡುಗೆಮನೆ ಆಗಬಹುದು, ಕಾಲೇಜಿನ ಗ್ರಂಥಾಲಯದ ಒಂದು ಮೇಜು ಆಗಬಹುದು.

ಶಿಕ್ಷಕರಿಗೆ ಹೇಳಬೇಕಾದ ಮಾತು ಬಹಳ ಮುಖ್ಯ. ವಿದ್ಯಾರ್ಥಿಯೊಬ್ಬರು ನಿಮ್ಮ ಬಳಿ ಬಂದು ಇದನ್ನು ಹೇಳಿಕೊಂಡರೆ, ಒಳ್ಳೆಯದಾಗಲೆಂದು ಮನೆಗೆ ಫೋನ್ ಮಾಡಬೇಡಿ. ಆ ಒಂದು ಫೋನಿನಿಂದ ಓದು ನಿಂತವರು, ಹೊಡೆತ ತಿಂದವರು, ತಿಂಗಳೊಳಗೆ ಲಗ್ನವಾದವರು ಇದ್ದಾರೆ. ಪ್ರಾಣಕ್ಕೆ ಅಪಾಯವಿದೆ ಎಂದು ಕಂಡಾಗ ಮಾತ್ರ, ಆ ವಿದ್ಯಾರ್ಥಿಗೆ ತಿಳಿಸಿಯೇ, ನಂಬಿಕೆಯ ಇನ್ನೊಬ್ಬರನ್ನು ಸೇರಿಸಿಕೊಳ್ಳಿ. ಸ್ಟಾಫ್ ರೂಮಿನಲ್ಲಿ ಆ ವಿಷಯ ಎತ್ತಬೇಡಿ. ತರಗತಿಯಲ್ಲಿ ಇನ್ನೊಬ್ಬ ಹುಡುಗ ಅವರ ನಡಿಗೆಯನ್ನು ಅಣಕಿಸಿದಾಗ ಮೊದಲ ದಿನವೇ, ಎಲ್ಲರೆದುರು ನಿಲ್ಲಿಸಿ. ಮೇಷ್ಟ್ರು ನಕ್ಕರೆ ಇಡೀ ತರಗತಿಗೆ ಅನುಮತಿ ಸಿಕ್ಕಂತೆ. ತಂದೆ ತಾಯಿಯರು ಒಮ್ಮೆಗೇ ಎಲ್ಲವನ್ನೂ ಒಪ್ಪಬೇಕೆಂದು ಯಾರೂ ಕೇಳುತ್ತಿಲ್ಲ. ಅರ್ಥವಾಗದಿದ್ದರೂ ಊಟಕ್ಕೆ ಕರೆಯುವುದು, ಕಾಕಾ ಬಂದು ರೇಗಿಸಿದಾಗ ‘ಅದರ ಸುದ್ದಿಗೆ ಬರಬ್ಯಾಡ್ರಿ’ ಎಂದು ತಡೆಯುವುದು, ಓದು ಮುಗಿಯುವ ತನಕ ಲಗ್ನದ ಮಾತೆತ್ತದಿರುವುದು, ಇಷ್ಟು ಮಾಡಿದ ಮನೆಯಲ್ಲಿ ಮಗು ಉಳಿಯುತ್ತದೆ.

ತೀರ ಒಬ್ಬಂಟಿಯಾಗಿರುವವರಿಗೆ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ಹದಿನೆಂಟರ ಕೆಳಗಿನವರು ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಮನೆಯವರೊಂದಿಗೆ ಹಂಚಿಕೊಂಡ ಫೋನಿನಿಂದ ಕರೆ ಮಾಡಿದರೆ ಮಾತು ಮುಗಿದ ಮೇಲೆ ಕರೆಪಟ್ಟಿಯಿಂದ ಆ ಸಂಖ್ಯೆಯನ್ನು ಅಳಿಸಿಹಾಕುವುದು ಒಳ್ಳೆಯದು. ಅದಕ್ಕಿಂತ ಒಳ್ಳೆಯದೆಂದರೆ ನಂಬಿಕೆಯ ಗೆಳತಿಯ, ಗೆಳೆಯನ ಫೋನಿನಿಂದ, ಊರಿನ ಬಸ್ಸು ಇನ್ನೂ ಹೊರಡದ ಮಧ್ಯಾಹ್ನದ ಹೊತ್ತಿನಲ್ಲಿ ಮಾತಾಡುವುದು.